ಇಟಾಲಿಯನ್ ಕ್ರಿಯಾಪದವನ್ನು ಎಲ್ಲಿ ಒಡೆಯಬೇಕು?

ಪ್ರಶ್ನೆ: ಮಾತಾಡುವುದಕ್ಕೆ ಇಟಾಲಿಯನ್ನಿನಲ್ಲಿ 'ಪರ್ಲಾರೆ'. ನಾನು ಪ-ರ್ಲಾ-ರೆ ಎಂದು ಒಡೆದೆ. ನಿಘಂಟಿನಲ್ಲಿ ಪರ್-ಲಾ-ರೆ, ವ್ಯಾಕರಣದಲ್ಲಿ ಪರ್ಲ್-ಆರೆ ಎಂದಿದೆ. ಯಾವುದು ಸರಿ?
– ಓದುಗರು, ಕಲಬುರಗಿ

ಉತ್ತರ: ನಿಘಂಟು, ವ್ಯಾಕರಣ ಎರಡೂ ಸರಿ. ಒಂದು ಉಚ್ಚಾರಕ್ಕೆ ಮತ್ತು ಸಾಲಿನ ಕೊನೆಯಲ್ಲಿ ಪದ ಮುರಿಯುವುದಕ್ಕೆ. ಇನ್ನೊಂದು ಧಾತು, ಪ್ರತ್ಯಯ ಗುರುತಿಸುವುದಕ್ಕೆ. ನಿಮ್ಮನ್ನು ದಾರಿ ತಪ್ಪಿಸಿದ್ದು ನಮ್ಮ ಲಿಪಿ. ಒತ್ತಕ್ಷರವನ್ನು ಒಂದೇ ಅಕ್ಷರವಾಗಿ ಬರೆಯುತ್ತೇವೆ, ಆದರೆ ಛಂದಸ್ಸಿನಲ್ಲಿ ಅದರ ಹಿಂದಿನ ಅಕ್ಷರವನ್ನು ಗುರು ಎಂದು ಎಣಿಸುತ್ತೇವೆ. ಒತ್ತಿನ ಮೊದಲ ವ್ಯಂಜನ ಹಿಂದಕ್ಕೆ ಆತುಕೊಳ್ಳುವುದೇ ಇದಕ್ಕೆ ಕಾರಣ. ಲಿಪಿ ಮರೆತು ಮಾತ್ರೆ ಎಣಿಸಿ, ಪರ್-ಲಾ-ರೆ ತಾನಾಗಿ ಸಿಗುತ್ತದೆ.

ರ, ಲ, ನ, ಮ ವ್ಯಂಜನಗಳ ನಂತರ ಇನ್ನೊಂದು ವ್ಯಂಜನ ಬಂದರೆ ನಡುವೆ ಒಡೆಯಿರಿ. ದ್ವಿತ್ವವನ್ನೂ ಹಾಗೆಯೇ: ಮೆತ್-ತೊ (ಇಡುತ್ತೇನೆ). ಬೇರೆ ವ್ಯಂಜನದ ನಂತರ ರ, ಲ ಬಂದರೆ ಒಡೆಯಬೇಡಿ: ಅ-ಪ್ರೀ-ರೆ (ತೆರೆಯುವುದು). 'ಸ' ಕೂಡ ಮುಂದಿನ ವ್ಯಂಜನದ ಜೊತೆಗೇ ಹೋಗುತ್ತದೆ: ಕ-ಪಿ-ಸ್ಕೊ (ತಿಳಿಯುತ್ತದೆ ನನಗೆ). ಇದು ಬರವಣಿಗೆಯ ನಿಯಮ. ಓದುವಾಗ ಆ 'ಪಿ'ಯನ್ನು 'ಪೀ' ಎಂದು ಎಳೆಯಬಾರದು.

ರಚನೆ ನೋಡುವುದಾದರೆ 'ಪರ್ಲಾವನೊ' (ಅವರು ಮಾತಾಡುತ್ತಿದ್ದರು) ಪದದಲ್ಲಿ ನಾಲ್ಕು ಭಾಗ: ಧಾತು ಪರ್ಲ್, ಗಣದ (ಕ್ರಿಯಾಪದದ ಗುಂಪಿನ) ಸ್ವರ ಆ, ಭೂತಕಾಲದ ವ, ಬಹುವಚನದ ನೊ. ನಮ್ಮ ಕಡೆ 'ಬಂದೀನಿ', 'ಹೊಂಟೀವಿ' ಎಂದರೆ ನಾನು, ನಾವು ಬೇರೆ ಹೇಳಬೇಕಿಲ್ಲವಲ್ಲ, ಇಟಾಲಿಯನ್ನಿನಲ್ಲೂ ಕರ್ತೃ ಪ್ರತ್ಯಯದಲ್ಲೇ ಇರುತ್ತಾನೆ. ಹಾಗಾಗಿ ಕೊನೆಯ ಅಕ್ಷರ ನುಂಗಿದರೆ ಯಾರು ಎಂಬುದೇ ಹೋಗುತ್ತದೆ.

ಪ್ರಶ್ನೆ: 'ಮಾತಾಡುವೆವು', '(ಹಾಗಾಗಿದ್ದರೆ) ಮಾತಾಡುತ್ತಿದ್ದೆವು' ಇವೆರಡೂ ಇಟಾಲಿಯನ್ನಿನಲ್ಲಿ ಕೇಳುವಾಗ ಒಂದೇ ಅನ್ನಿಸುತ್ತವೆ.
– ಓದುಗರು, ಬೀದರ್

ಉತ್ತರ: ಪರ್-ಲೆ-ರೇ-ಮೊ ಭವಿಷ್ಯತ್ತು, ಪರ್-ಲೆ-ರೆಮ್-ಮೊ ಷರತ್ತಿನ ರೂಪ. ವ್ಯತ್ಯಾಸ ಒಂದು 'ಮ'ದಲ್ಲಿದೆ, ಆದರೆ ಕಿವಿ ಹಿಡಿಯಬೇಕಾದದ್ದು ಅದರ ಹಿಂದಿನ ಸ್ವರವನ್ನೂ. ಒತ್ತಿ ನುಡಿಯುವ ಅಕ್ಷರ ಪದದ ನಡುವೆ ಸ್ವರದಲ್ಲಿ ಮುಗಿದರೆ ಸ್ವರ ಎಳೆಯುತ್ತದೆ, ವ್ಯಂಜನದಲ್ಲಿ ಮುಗಿದರೆ ಮೊಟಕಾಗುತ್ತದೆ. 'ಕಾದೆ' ಎಂದರೆ ಬೀಳುತ್ತದೆ, 'ಕದ್ದೆ' ಎಂದರೆ ಬಿತ್ತು. ಕನ್ನಡದ ಕಾದೆ, ಕದ್ದೆ ಬೇರೆ ಮಾಡಬಲ್ಲ ಕಿವಿಗೆ ಇದು ಹೊಸದಲ್ಲ. ಇಂಗ್ಲಿಷ್ ಮೂಲಕ ಕಲಿತಾಗಲೇ ತೊಡಕು: ಅಲ್ಲಿ ಎರಡು ಅಕ್ಷರ ಬರೆದರೂ ನುಡಿಯುವುದು ಒಂದನ್ನೇ. ನಿಮ್ಮ ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲೇ, ದೀರ್ಘ ಮತ್ತು ದ್ವಿತ್ವ ಸಹಿತ ಬರೆದುಕೊಳ್ಳಿ.

ಪ್ರಶ್ನೆ: ಇಟಾಲಿಯನ್ ಪದ ನುಡಿಯುವಾಗ ದನಿಯ ಒತ್ತು ಯಾವಾಗಲೂ ಕೊನೆಯಿಂದ ಎರಡನೆಯ ಅಕ್ಷರದ ಮೇಲೆಯೇ?
– ಓದುಗರು, ಯಾದಗಿರಿ

ಉತ್ತರ: ಹೆಚ್ಚಾಗಿ ಹೌದು, ಆದರೆ ವರ್ತಮಾನದ 'ಅವರು' ರೂಪದಲ್ಲಿ ಅಲ್ಲ. 'ಪರ್ಲೊ' (ಮಾತಾಡುತ್ತೇನೆ) ಎನ್ನುವಾಗ ಒತ್ತು 'ಪರ್' ಮೇಲಿದೆ. 'ನೊ' ಸೇರಿ 'ಪರ್ಲನೊ' (ಮಾತಾಡುತ್ತಾರೆ) ಆದಾಗಲೂ ಅದು ಅಲ್ಲೇ ಉಳಿಯುತ್ತದೆ. 'ಪರ್ಲಾನೊ' ಎನ್ನುವುದು ಹೊಸಬರ ಸಾಮಾನ್ಯ ತಪ್ಪು. 'ನಾನು' ರೂಪವನ್ನು ಮೊದಲು ಹೇಳಿ, ಒತ್ತು ಕದಲಿಸದೆ ಬಾಲ ಸೇರಿಸಿ. ತೆ-ಲೆ-ಫೊ-ನೊ (ಫೋನ್ ಮಾಡುತ್ತೇನೆ) ಎಂಬಲ್ಲಿ ಒತ್ತು 'ಲೆ' ಮೇಲೆ. ಅವರು ಫೋನ್ ಮಾಡಿದರೂ ತೆ-ಲೆ-ಫೊ-ನ-ನೊ ಎಂದು 'ಲೆ' ಮೇಲೆಯೇ, ಅಂದರೆ ಕೊನೆಯಿಂದ ನಾಲ್ಕನೆಯದರ ಮೇಲೆ.