ಗೊಂಬೆ ಮುಖದ ಪೆನ್ ಗೀಟು ಹೋಗ್ತಿಲ್ಲ: ಪ್ರತಿಕ್ರಿಯೆ

ದಸರಾಕ್ಕೆ ಕೂರಿಸಬೇಕಾದ ಗೊಂಬೆಯ ಮುಖದ ಮೇಲೆ ಪೆನ್ ಗೀಟು ಬಿದ್ದಿದೆ, ಕೂದಲೂ ಸಿಕ್ಕಾಗಿದೆ, ಏನು ಮಾಡಲಿ ಅಂತ ಕೋಲಾರದಿಂದ ಕೇಳಿದ್ದೀರಿ. ಬಾಲ್‌ಪೆನ್ ಇಂಕು ಗೊಂಬೆಯ ಮೆತ್ತನೆ ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್) ಒಳಗೆ ಇಳಿದುಬಿಟ್ಟಿದೆ, ಅದಕ್ಕೇ ಸೋಪು, ಟೂತ್‌ಪೇಸ್ಟ್ ಹಾಕಿ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ನೇಲ್ ಪಾಲಿಶ್ ರಿಮೂವರ್ ಹಾಕಲಾ ಅಂತ ಕೇಳಿದ್ದೀರಲ್ಲ, ದಯವಿಟ್ಟು ಬೇಡ. ಅದರಲ್ಲಿ ಅಸಿಟೋನ್ ಅನ್ನೋ ಬಣ್ಣ ಕರಗಿಸುವ ದ್ರವ ಇದ್ದರೆ ಹುಬ್ಬು, ತುಟಿಯ ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಹಾಳಾಗುತ್ತದೆ.

ಮೆಡಿಕಲ್ ಶಾಪಲ್ಲಿ ಮೊಡವೆಗೆ ಕೊಡುವ ಬೆಂಜಾಯ್ಲ್ ಪೆರಾಕ್ಸೈಡ್ ಕ್ರೀಮ್ ತನ್ನಿ. ಮುಖ ತೊಳೆದು ಒರೆಸಿ, ಕಡ್ಡಿ ತುದಿಯಲ್ಲಿ ಗೀಟಿನ ಮೇಲಷ್ಟೇ ಹಚ್ಚಿ. ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ ಬಿಸಿಲಿಗಿಡಿ, ಕೋಲಾರದಲ್ಲಿ ಬಿಸಿಲಿಗೇನು ಬರ ಅಲ್ವಾ. ಸಂಜೆ ಒರೆಸಿ, ಮಾರನೇ ದಿನ ಮತ್ತೆ ಹಚ್ಚಿ. ನಮ್ಮ ಗುಜರಿ ಗೊಂಬೆಗೆ ಯಾರೋ ನೀಲಿ ಮೀಸೆ ಬರೆದಿದ್ದರು, ಎರಡು ದಿನ ಏನೂ ಗೊತ್ತಾಗಲಿಲ್ಲ, ಐದನೇ ದಿನಕ್ಕೆ ಮೀಸೆಯ ಒಂದು ತುದಿ ಮಾತ್ರ ಮಸುಕಾಗಿ ಉಳಿದಿತ್ತು. ನಿಮ್ಮದು ಪೂರ್ತಿ ಹೋಗುತ್ತೆ ಅಂತ ಗ್ಯಾರಂಟಿ ಕೊಡಲಾರೆ, ಆ ಜಾಗ ಸ್ವಲ್ಪ ಬಿಳಿಚಿಕೊಳ್ಳಲೂಬಹುದು, ಆದ್ದರಿಂದ ಮೊದಲು ಕತ್ತಿನ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿ. ಈ ಕೆಲಸ ದೊಡ್ಡವರೇ ಮಾಡಿ, ಕ್ರೀಮ್ ತಾಗಿದರೆ ಬಟ್ಟೆ ಬಣ್ಣವೂ ಹೋಗುತ್ತೆ.

ಗೊಂಬೆ ಕೂದಲಿನ ಸಿಕ್ಕು ಬಿಡಿಸೋ ಕೆಲಸ ಮಕ್ಕಳಿಗೆ ಬಿಡಿ. ಬಟ್ಟೆಗೆ ಹಾಕುವ ಕಂಡೀಷನರ್ ಬೆರೆಸಿದ ನೀರಲ್ಲಿ ಕೂದಲಷ್ಟೇ ಅರ್ಧ ಗಂಟೆ ನೆನೆಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಮೇಲಕ್ಕೆ ಸಿಕ್ಕು ಬಿಡಿಸಲಿ. ಬುಡದಿಂದ ಎಳೆದರೆ ಗೊಂಚಲೇ ಕಿತ್ತು ಬರುತ್ತೆ. ಒಣಗಿದ ಮೇಲೆ ಜಡೆ ಹಾಕಿ. ದಸರಾ ಗೊಂಬೆ ಕೂರಿಸೋಕೆ ಒಂದು ವಾರ ಮುಂಚೆಯೇ ಶುರು ಮಾಡಿ.