ಬನ್ನಿ ಕೊಡುವಾಗ ಒಂದು ಮಾತು

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ನವೆಂಬರ್‌ನಲ್ಲಿ ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕೂತಿದ್ದೆ. ಬಂದವರೆಲ್ಲ ಯಾರು ತಮಗೆ ಏನು ಮಾಡಿದರು ಅಂತ ಒಬ್ಬೊಬ್ಬರಾಗಿ ನೆನೆದರು. ನನಗೆ ಕಣ್ಣು ತುಂಬಿ ಬಂತು. ಈ ದಸರಾಕ್ಕೆ ಎಲ್ಲರೂ ನಮ್ಮಲ್ಲಿ ಸೇರುತ್ತಾರೆ. ಹಾಗೇ ಮಾಡೋಣ ಅಂದರೆ ನಮ್ಮ ಯಜಮಾನರು 'ಮನೆಯವರಿಗೆ ಎಂಥಾ ಥ್ಯಾಂಕ್ಸ್?' ಅನ್ನುತ್ತಾರೆ. ಮಾವನವರು ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ಪಕ್ಕದಲ್ಲೇ ಕೂತಿದ್ದ ಮೈದುನನ ಕೆಲಸ ಬೇರೆ ಈ ವರ್ಷ ಹೋಗಿದೆ. ಇಂಥ ಹೊತ್ತಲ್ಲಿ ಇದು ಸರಿಯಾ?"

ಖಂಡಿತ ಸರಿ, ಮಾಡಿ. ಯಜಮಾನರ ಮಾತೂ ಸುಳ್ಳಲ್ಲ. 'ಧನ್ಯವಾದ' ನಮಗೆ ಸಭೆಯ ಪದ, ವಂದನಾರ್ಪಣೆಯ ಪದ. ಮನೆಯೊಳಗೆ ಅದನ್ನು ಹೇಳಿದರೆ ಹತ್ತಿರದವರನ್ನು ದೂರ ಕೂರಿಸಿದ ಹಾಗಾಗುತ್ತದೆ. ನಾವು 'ನೀನಿದ್ದೆ ಅಂತ ಆಯ್ತು' ಅನ್ನುತ್ತೇವೆ. ಅದಕ್ಕಿಂತ ದೊಡ್ಡ ಮಾತು ಬೇಕಾ? ಕಷ್ಟ ಏನಂದರೆ, ಅದನ್ನೂ ನಾವು ಜಾಸ್ತಿ ಹೇಳುವುದಿಲ್ಲ.

ಕೆಲಸ ಹೋದ ವರ್ಷ ಅಂತ ಹಿಂಜರಿಯಬೇಡಿ. ನೀವು ಕೂತ ಆ ಊಟವೂ ಸುಖದ ಕಾಲದ್ದಲ್ಲ. 1863ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ ಇಡೀ ದೇಶಕ್ಕೆ ಆ ದಿನ ಆಚರಿಸಲು ಕರೆ ಕೊಟ್ಟರು. ನಮ್ಮ ಬನ್ನಿಯ ಕಥೆ ನೋಡಿ. ರಾಜ್ಯ ಕಳೆದುಕೊಂಡ ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಒಪ್ಪಿಸಿದ್ದು ಈ ಮರಕ್ಕೆ. ವರ್ಷವಿಡೀ ಮರ ಕಾಪಾಡಿತು. ಕೆಟ್ಟ ಕಾಲದಲ್ಲಿ ಕೈಬಿಡದ ಮರಕ್ಕೇ ನಾವು ಇಂದಿಗೂ ಕೈ ಮುಗಿಯುವುದು.

ಹಾಗಾಗಿ ಹೊಸದೇನೂ ಬೇಡ. ವಿಜಯದಶಮಿ ಸಂಜೆ ಹೇಗೂ ಎಲೆ ಕೈಗಿಟ್ಟು 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅನ್ನುತ್ತೀರಿ. ಅದರ ಜೊತೆ ಇನ್ನೊಂದೇ ಮಾತು ಸೇರಿಸಿ. 'ನೀವು ತುಂಬಾ ಒಳ್ಳೆಯವರು' ಅಂತಲ್ಲ. ಅವರು ಮಾಡಿದ ಒಂದು ಕೆಲಸ, ಅದೂ ಗುರುತು ಹಿಡಿದು ಹೇಳಿ.

ಎರಡು ವರ್ಷದ ಹಿಂದೆ ನಾನು ಕಾಕುಗೆ ಬನ್ನಿ ಕೊಡುವಾಗ ಹೀಗೆ ಹೇಳಿದೆ: "ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೀವು ದಿನಾ ನಸುಕಿನಾಗ ನಾಲ್ಕಕ್ಕ ಎದ್ದು ಚಹಾ ಮಾಡಿ ಕೊಟ್ಟಿದ್ರಿ." ಆಕೆ ಸ್ವಲ್ಪ ಹೊತ್ತು ಸುಮ್ನೆ ನಿಂತರು. "ಅದಿನ್ನೂ ನೆನಪೈತೇನೋ ನಿನಗ?" ಅಂದರು. ಎಲೆಯನ್ನು ಮುಷ್ಟಿಯೊಳಗೆ ಬಿಗಿ ಹಿಡಿದಿದ್ದರು. ಊಟ ಬಡಿಸುವಾಗ ನೋಡಿದರೆ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದರು. ಮೂವತ್ತು ವರ್ಷ ನಾನು ಯಾಕೆ ಹೇಳಿರಲಿಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ನಿಮ್ಮ ಮೈದುನ ಎಲೆ ಕೊಟ್ಟು ಕಾಲಿಗೆ ಬಾಗಿ ಎದ್ದಾಗ, ಆ ಹನ್ನೊಂದು ರಾತ್ರಿಯ ಮಾತು ಎತ್ತಿ. ಕೆಲಸದ ವಿಷಯ ಬೇಡ. ಮಕ್ಕಳಿಗೆ ಹೇಳಿಕೊಡುವುದೂ ಬೇಡ, ನೋಡಿ ಕಲಿಯುತ್ತಾರೆ. ಯಜಮಾನರು ಮಾತಾಡದಿದ್ದರೆ ಒತ್ತಾಯ ಮಾಡಬೇಡಿ. ಅವರ ಕೈಗೆ ಎಲೆ ಇಡುವಾಗ ನೀವೇ ಹೇಳಿ.

ಒಂದು ಮಾತ್ರ ನೆನಪಿಡಿ. ಬನ್ನಿ ಕೊಡುವ ಹೊತ್ತಿಗೆ ಒಂದಿಬ್ಬರು ಒಲೆ ಮುಂದೆಯೇ ಇರುತ್ತಾರೆ, ಅಲ್ವಾ? ಒಲೆ ಆರಿಸಿ ಅವರನ್ನು ಪಡಸಾಲೆಗೆ ಕರೆಯಿರಿ. ಅವರು ಕೈ ಒರೆಸಿಕೊಂಡು ಬಂದು ನಿಲ್ಲುವವರೆಗೆ ಶುರು ಮಾಡಬೇಡಿ.

— ಸಂಪಾದಕ