ಓದುಗರ ಪ್ರಶ್ನೆ: ತುಮಕೂರು ರಸ್ತೆ ಬರೀ ಅಗಲವಾದರೆ ಸಾಕಾ?

ಪ್ರಶ್ನೆ: ಕ್ಯಾತ್ಸಂದ್ರದಿಂದ ದಿನಾ ಪೀಣ್ಯಕ್ಕೆ ಕೆಲಸಕ್ಕೆ ಬರುತ್ತೇನೆ. ನೆಲಮಂಗಲ–ತುಮಕೂರು ಹೆದ್ದಾರಿ ಆರು ಪಥ ಆಗುತ್ತಿದೆಯಲ್ಲ, ಇನ್ನಾದರೂ ಹೊತ್ತಿಗೆ ಸರಿಯಾಗಿ ತಲುಪಬಹುದಾ?

ಉತ್ತರ: ನೆಲಮಂಗಲದವರೆಗೆ ಬೇಗ ಬರಬಹುದು. ಆಮೇಲೆ ಕಷ್ಟ. ಹಾಸನದ ಕಡೆಯ 75ನೇ ಹೆದ್ದಾರಿ ಅಲ್ಲೇ ನಿಮ್ಮ 48ನೇ ಹೆದ್ದಾರಿಗೆ ಸೇರುತ್ತದೆ. ಪುಣೆ, ಹುಬ್ಬಳ್ಳಿ ಕಡೆಯ ಲಾರಿ, ಮಂಗಳೂರಿನ ಬಸ್ಸು, ಕಾರ್ಖಾನೆಯ ವ್ಯಾನು, ಪಕ್ಕದ ಊರಿಂದ ಹಾಲು ತರುವವರ ಬೈಕು, ಎಲ್ಲವೂ ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯದ ಒಂದೇ ದಾರಿಗೆ ನುಗ್ಗಬೇಕು. ಹಿಂದಿನ ಭಾಗ ಅಗಲವಾದರೆ ಅಷ್ಟೂ ಗಾಡಿಗಳು ಇನ್ನೂ ಬೇಗ ಬಂದು ಅಲ್ಲಿ ನಿಲ್ಲುತ್ತವೆ.

2010ರಲ್ಲಿ ಪೀಣ್ಯ ಮೇಲ್ಸೇತುವೆ ಬಂತು. 2021ರ ಡಿಸೆಂಬರ್‌ನಲ್ಲಿ ಒಳಗಿನ ಉಕ್ಕಿನ ಕೇಬಲ್‌ಗಳಲ್ಲಿ ದೋಷ ಕಂಡು ಮುಚ್ಚಿದರು. ಕಾರು, ಬೈಕಿಗೆ 2022ರಲ್ಲಿ ತೆರೆದರು, ಭಾರೀ ವಾಹನಗಳು ಮಾತ್ರ 2024ರವರೆಗೆ ಕೆಳಗಿನ ರಸ್ತೆಯಲ್ಲೇ ತೆವಳಿದವು. ಇಷ್ಟು ಜಿಲ್ಲೆಗಳ ಜನ ನಂಬಿಕೊಂಡ ರಸ್ತೆಗೆ ಬದಲಿ ದಾರಿಯನ್ನೇ ಸಿದ್ಧ ಮಾಡಿರಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಪ್ರಶ್ನೆ: ಲಾರಿಗಳನ್ನು ಹಗಲು ಹೊತ್ತು ತಡೆದರೆ ಆಗಲ್ವಾ? – ದಾಸನಪುರದ ಓದುಗರು

ಉತ್ತರ: ತಡೆದರೆ ನೆಲಮಂಗಲದ ಆಚೆ ರಸ್ತೆ ಬದಿ ಸಾಲಾಗಿ ನಿಲ್ಲುತ್ತವೆ, ಅದು ಇನ್ನೂ ಅಪಾಯ. ನಿಮ್ಮ ಎಪಿಎಂಸಿಗೆ ಸರಕು ತರುವ ಲಾರಿ ಬರಲೇಬೇಕು. ಬೆಂಗಳೂರಲ್ಲಿ ಕೆಲಸವೇ ಇಲ್ಲದ ಲಾರಿ ಯಾಕೆ ಬರಬೇಕು? ಚೆನ್ನೈಗೆ ಹೋಗುವವರು ದಾಬಸ್‌ಪೇಟೆಯಲ್ಲೇ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆ ಸೇರಬಹುದು. ಬೆಂಗಳೂರಿನ ಸುತ್ತಲಿನ ಊರುಗಳನ್ನು ಜೋಡಿಸುವ, ಸುಮಾರು 280 ಕಿ.ಮೀ. ಉದ್ದದ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಇರುವುದೇ ಇದಕ್ಕೆ. ಅದರ ದಕ್ಷಿಣ ಭಾಗವೂ ಬೇಗ ಮುಗಿಯಬೇಕು. ಆದರೆ ಚಾಲಕರು ಡೀಸೆಲ್, ಟೋಲ್ ಎರಡನ್ನೂ ಲೆಕ್ಕ ಹಾಕುತ್ತಾರೆ, ಸುತ್ತುದಾರಿ ದುಬಾರಿಯಾದರೆ ಸುಮ್ನೆ ಊರೊಳಗೇ ನುಗ್ಗುತ್ತಾರೆ. ಹಾಗಾಗಿ ಅಲ್ಲಿ ಟೋಲ್ ಕಡಿಮೆ ಇರಲಿ. ದಾಬಸ್‌ಪೇಟೆಯಲ್ಲಿ ಲಾರಿ ನಿಲ್ಲಿಸಲು, ಚಾಲಕರು ಸ್ನಾನ ಮಾಡಿ ನಿದ್ದೆ ಮಾಡಲು ಒಂದು ಒಳ್ಳೆಯ ಜಾಗ ಬೇಕು. ಇದನ್ನು ಯಾರೂ ಮುಖ್ಯ ಅಂತ ನೋಡುವುದೇ ಇಲ್ಲ.

ಪ್ರಶ್ನೆ: ತುಮಕೂರಿಗೆ ಮೆಟ್ರೊ ಬಂದರೆ ಎಲ್ಲ ಸರಿಹೋಗುತ್ತೆ ಅಲ್ವಾ?

ಉತ್ತರ: 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಬಂದದ್ದು ತುಂಬಾ ಒಳ್ಳೆಯದಾಯಿತು. ಆದರೆ ಬೆಂಗಳೂರು–ತುಮಕೂರು ಸುಮಾರು 70 ಕಿ.ಮೀ. ಅಷ್ಟು ದೂರಕ್ಕೆ ರೈಲೇ ಸರಿ ಅಂತ ನನ್ನ ಅಭಿಪ್ರಾಯ. ಹಳಿ ಆಗಲೇ ಇದೆ, ಜೋಡಿ ಮಾರ್ಗ, ವಿದ್ಯುತ್ ಕೂಡ ಬಂದಿದೆ. ಯಶವಂತಪುರದಲ್ಲಿ ಇಳಿದರೆ ಪಕ್ಕದಲ್ಲೇ ಮೆಟ್ರೊ ಸಿಗುತ್ತದೆ. ಕಾರ್ಖಾನೆಗಳ ಪಾಳಿ ಸಮಯ ನೋಡಿಕೊಂಡು ಬೆಳಗ್ಗೆ, ಸಂಜೆ ಜಾಸ್ತಿ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಓಡಿಸಲಿ. ಉಪನಗರ ರೈಲಿನ ಮಲ್ಲಿಗೆ ಮಾರ್ಗ ಚಿಕ್ಕಬಾಣಾವರಕ್ಕೇ ನಿಲ್ಲುವ ಯೋಜನೆ ಇದೆ, ಅದು ತುಮಕೂರಿನ ತನಕ ಹೋಗಬೇಕು. ನಿಡವಂದ, ದೊಡ್ಡಬೆಲೆ, ಗೊಲ್ಲಹಳ್ಳಿಯಂಥ ಸಣ್ಣ ನಿಲ್ದಾಣಗಳಿಗೆ ಬಸ್ಸು ಬರಲಿ, ದಾರಿಯಲ್ಲಿ ದೀಪ ಇರಲಿ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ನಿಲ್ದಾಣದಿಂದ ಮನೆಗೆ ಹೆದರಿಕೊಂಡು ಹೋಗುವಂತಿದ್ದರೆ ರೈಲು ಎಷ್ಟಿದ್ದರೂ ಹತ್ತುವುದಿಲ್ಲ.

ಪ್ರಶ್ನೆ: ಇದನ್ನೆಲ್ಲ ಯಾರನ್ನು ಕೇಳಬೇಕು? – ನೆಲಮಂಗಲದ ಓದುಗರು

ಉತ್ತರ: ತೊಂದರೆ ಇರುವುದೇ ಇಲ್ಲಿ. ಹೆದ್ದಾರಿ ಒಬ್ಬರದು, ರೈಲು ಇನ್ನೊಬ್ಬರದು, ಮೆಟ್ರೊ, ಬಸ್ಸು, ಕೈಗಾರಿಕಾ ಪ್ರದೇಶ ಎಲ್ಲ ಬೇರೆಬೇರೆ. ನಿಮ್ಮ ತಾಲ್ಲೂಕು ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಎಂಆರ್‌ಡಿಎ ವ್ಯಾಪ್ತಿಯಲ್ಲಿದೆ, ತುಮಕೂರು ಇಲ್ಲ. ಎರಡೂ ಕಡೆಯವರು ಒಟ್ಟಿಗೆ ಕೂತು ಮಾಡಿದ ಒಂದೇ ಯೋಜನೆ ಬೇಕು. ಅದಾಗುವ ತನಕ ಕಾಯಬೇಡಿ. ನೆಲಮಂಗಲ ಯೋಜನಾ ಪ್ರಾಧಿಕಾರ ಮಹಾಯೋಜನೆಯ (ಯಾವ ಜಾಗ ಯಾವುದಕ್ಕೆ ಅಂತ ಗುರುತಿಸುವ ಯೋಜನೆ) ಕರಡು ಹೊರಡಿಸಿ ಆಕ್ಷೇಪಣೆ ಕರೆದಾಗ ಊರವರೆಲ್ಲ ಸಹಿ ಹಾಕಿ ಕೊಡಿ. ನಿಲ್ದಾಣದ ರಸ್ತೆ, ಬಸ್ ತಂಗುದಾಣದ ಜಾಗ, ಹೆದ್ದಾರಿ ದಾಟುವ ಕೆಳಸೇತುವೆ, ಇವನ್ನು ನಕ್ಷೆಯಲ್ಲೇ ಗುರುತಿಸಿ ಅಂತ ಬರೆಯಿರಿ. ಆ ಜಾಗದಲ್ಲಿ ಲೇಔಟ್ ಎದ್ದ ಮೇಲೆ ಕೇಳಿದರೆ ಸಿಗುವುದಿಲ್ಲ.